ನಾಮಕರಣದ ತೊಡಕು

ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ನಾಮಪದಗಳ ಮೂರು ಬಗೆಯನ್ನು ಹುಡುಗರಿಗೆ ಹೇಳಿಕೊಡುತ್ತ ನನಗೆ ಇಪ್ಪತ್ತು ವರ್ಷಕ್ಕೆ ಮೇಲಾಯಿತು. ಹೊಳೆ, ಮರ, ಊರು—ಇವು ರೂಢಿಯಿಂದ ಬಂದವು. ಕಾವೇರಿ, ರಾಮ, ತುಮಕೂರು—ಇವು ನಾವು ಇಟ್ಟವು. ಜಾಣ, ಕುಂಟ, ವ್ಯಾಪಾರಿ—ಇವು ಗುಣವನ್ನೋ ಕಸುಬನ್ನೋ ಹಿಡಿದು ಬಂದವು. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು, ಕೈಗಂಟಿದ ಸೀಮೆಸುಣ್ಣವನ್ನು ಒರೆಸಿಕೊಂಡು ಹೊರಬಂದರೆ ಹೆಸರಿನ ವಿಚಾರ ಮುಗಿಯಿತೆಂದೇ ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ಹೆಸರೆಂದರೇನು, ಅದನ್ನು ಯಾರು ಇಡಬೇಕು, ಯಾವಾಗ ಇಡಬೇಕು ಎಂಬ ಬಾಕಿ ಪಾಠವನ್ನು ನನಗೆ ಹೇಳಿದ್ದು ಒಂದು ಕಂಪ್ಯೂಟರು. ಎಂ.ಎ. ಮಾಡಿದವನು, ಕನ್ನಡದ ಮೇಷ್ಟ್ರು, ನಾಮಪದದ ವಿಷಯದಲ್ಲಿ ಒಂದು ಯಂತ್ರದ ಕೈಲಿ ತಪ್ಪು ಹಾಕಿಸಿಕೊಂಡೆ ಎಂದರೆ ಅದು ಹೇಳಿಕೊಳ್ಳುವಂಥ ಮಾತಲ್ಲ. ಆದರೂ ಹೇಳುತ್ತೇನೆ. ಅದರಲ್ಲಿ ನನ್ನ ಇನ್ನೊಂದು ತಪ್ಪೂ ಸೇರಿಕೊಂಡಿದೆ.

ಎಲ್ಲಕ್ಕೂ ಮೂಲ ಒಂದು ಬೀರು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ—ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲೇ ಅವರ ವರ್ಗಾವಣೆಗಳೆಲ್ಲ ಮುಗಿದುವು. ರಾಗಿಯ ಹೊಲ, ತೆಂಗಿನ ತೋಟದ ಸೀಮೆ. ಅವರಿಗೆ ಎಲೆಯಡಿಕೆಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಮಾತು ಬರೆದುಕೊಳ್ಳುವ ಚಟ. ಯಾರಾದರೂ ರೈತರು ಮಾತಿನ ಮಧ್ಯೆ ಕೂರಿಗೆ ಎಂದರು, ಅಕ್ಕಡಿ ಎಂದರು, ಭೂಮಿಗೆ ಬೆದೆ ಬಂದಿದೆ ಎಂದರು, ಹೊಂಬಾಳೆ ಒಡೆದಿದೆ ಎಂದರು—ಕೂಡಲೇ ಅಪ್ಪನ ಜೇಬಿನಿಂದ ಒಂದು ಚೀಟಿ ಹೊರಕ್ಕೆ ಬರುತ್ತಿತ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿ. ಖಾಲಿಯಿದ್ದ ಬೆನ್ನಿನ ಮೇಲೆ ಬರವಣಿಗೆ. ಪದ, ಅರ್ಥ, ಊರು, ಹೇಳಿದವರು, ತಾರೀಖು. ಇಷ್ಟೇ. ಊರಿನ ಗ್ರಂಥಿಗೆ ಅಂಗಡಿಯವರು ಅಂಗಡಿ ಮುಚ್ಚಿದಾಗ ಇಪ್ಪತ್ತನಾಲ್ಕು ಡ್ರಾಯರುಗಳ ಒಂದು ಮರದ ಬೀರುವನ್ನು ಮಾರಿದರು. ಅಪ್ಪ ಅದನ್ನು ಕೊಂಡು ತಂದು ಚೀಟಿಗಳನ್ನೆಲ್ಲ ಅಕ್ಷರದ ಪ್ರಕಾರ ತುಂಬಿದರು. ಈಗಲೂ ‘ಬ’ ಡ್ರಾಯರನ್ನು ಎಳೆದರೆ ಬಜೆಯ ವಾಸನೆ ಬರುತ್ತದೆ.

ನಾನು ಎಂ.ಎ. ಮುಗಿಸಿಕೊಂಡು ಊರಿಗೆ ಬಂದದ್ದು 2002ರಲ್ಲಿ. ತಲೆಯ ತುಂಬ ಭಾಷಾಶಾಸ್ತ್ರ, ಸಂಶೋಧನ ವಿಧಾನ. ಅಪ್ಪ ಒಂದು ಸಂಜೆ ಬಹಳ ಸಂಕೋಚದಿಂದ ನಾಲ್ಕು ಡ್ರಾಯರುಗಳನ್ನು ತಂದು ನನ್ನ ಮುಂದಿಟ್ಟು, “ನೋಡಪ್ಪ, ಇದರಿಂದ ಏನಾದರೂ ಆದೀತೆ?” ಎಂದರು. ನಾನು ನೋಡಿದೆ. ನೋಡಿ, ತರಗತಿಯಲ್ಲಿ ಕೇಳಿ ಬಂದಿದ್ದನ್ನು ಹಾಗೆಯೇ ಒಪ್ಪಿಸಿದೆ: “ಹೀಗೆ ಸಿಕ್ಕಿದ್ದನ್ನೆಲ್ಲ ಬರೆದರೆ ನಿಘಂಟಾಗುವುದಿಲ್ಲ, ಅಪ್ಪ. ಮೊದಲು ಯಾವ ಯಾವ ಪದ ಬೇಕು ಎಂದು ಪಟ್ಟಿ ಮಾಡಿಕೊಳ್ಳಬೇಕು. ಆ ಪಟ್ಟಿ ಹಿಡಿದುಕೊಂಡು ಜನರ ಹತ್ತಿರ ಹೋಗಬೇಕು. ಪಟ್ಟಿಯೇ ಇಲ್ಲದೆ ಏನು ಮಾಡೋದು?” ಅದೂ ಸಾಲದೆಂದು, ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ 1995ಕ್ಕೇ ಮುಗಿದಿದೆ ಎಂಬ ಸುದ್ದಿಯನ್ನೂ ಸೇರಿಸಿದೆ. ಅಪ್ಪ, “ಹೌದೆ? ಸರಿ, ಸರಿ” ಎಂದು ಡ್ರಾಯರುಗಳನ್ನು ಎತ್ತಿಕೊಂಡು ಒಳಕ್ಕೆ ಹೋದರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಬರೆಯುವುದನ್ನು ಬಿಟ್ಟರೆಂದು ನಾನು ತಿಳಿದುಕೊಂಡೆ.

2017ರಲ್ಲಿ ಅವರು ತೀರಿಕೊಂಡರು. ಅಮ್ಮ ನಮ್ಮ ಜೊತೆಗೆ ತುಮಕೂರಿಗೆ ಬಂದಳು. ಅವಳ ಹಿಂದೆ ಬೀರುವೂ ಬಂತು. ಮೂರು ವರ್ಷ ಅದು ನಡುಮನೆಯ ಮೂಲೆಯಲ್ಲಿ ನಿಂತಿತ್ತು. 2020ರ ಮಾರ್ಚಿಯಲ್ಲಿ ಕೆಳಗಿನ ಸಾಲಿನ ಒಂದು ಡ್ರಾಯರಿಗೆ ಗೆದ್ದಲು ಮುಟ್ಟಿರುವುದು ಕಾಣಿಸಿತು. ಅದೇ ತಿಂಗಳ 25ನೆಯ ತಾರೀಖು ಯುಗಾದಿ. ಅಂದಿನಿಂದಲೇ ದೇಶಕ್ಕೆಲ್ಲ ಬೀಗ ಬಿತ್ತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯ ಒಬ್ಬಟ್ಟು ತಿಂದು ಇಲ್ಲೇ ಸಿಕ್ಕಿಬಿದ್ದ. ಅವನದು ಸಾಫ್ಟ್‌ವೇರಿನ ಕೆಲಸ. ಹಗಲೆಲ್ಲ ನಡುಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡುವನು; ಸಂಜೆಗೆ ಇಬ್ಬರಿಗೂ ಮಾಡುವುದಕ್ಕೆ ಏನೂ ಇಲ್ಲ. ಚೀಟಿಗಳು ಗೆದ್ದಲಿನ ಪಾಲಾಗುವುದಕ್ಕೆ ಮುಂಚೆ ಅವನ್ನು ಕಂಪ್ಯೂಟರಿಗೆ ಹತ್ತಿಸಬೇಕೆಂದೂ, ಯಾವ ಪದ ಕೇಳಿದರೂ ಅದರ ಅರ್ಥವನ್ನು ಅದು ತಟ್ಟನೆ ಹೇಳುವಂತಾಗಬೇಕೆಂದೂ ನಾನು ಹೇಳಿದೆ. “ನಾನೇ ಒಂದು ಗಂಟೆಯಲ್ಲಿ ಮಾಡಿಕೊಡ್ತೀನಿ, ಮಾವ” ಎಂದ. ನನಗೆ ಎಲ್ಲಿಲ್ಲದ ರೋಷ ಬಂತು. “ಬೇಡ, ನನಗೆ ಹೇಳಿಕೊಡು, ನಾನೇ ಮಾಡುತ್ತೇನೆ” ಎಂದೆ. ಆ ಒಂದು ಗಂಟೆಯ ಕೆಲಸ ನನಗೆ ಐದು ವಾರ ಹಿಡಿಯಿತು.

ಅವನು ಕಲಿಸಿದ್ದು ಸಿ-ಶಾರ್ಪ್ ಎಂಬ ಭಾಷೆ. ಅವನ ಕಚೇರಿಯಲ್ಲಿ ಅದೇ ಬಳಕೆಯಂತೆ. ಮೊದಲನೆಯ ಪಾಠ ವೇರಿಯಬಲ್. ನಮ್ಮ ಶಾಲೆಯ ಗಣಿತದಲ್ಲಿ ಇದಕ್ಕೆ ಚರಾಕ್ಷರವೆನ್ನುತ್ತಾರೆ. ಅಡುಗೆಮನೆಯ ಡಬ್ಬಿಯೆಂದು ತಿಳಿದುಕೊಂಡರೆ ಸುಲಭ. ಡಬ್ಬಿಯ ಮೇಲೆ ಒಂದು ಹೆಸರಿನ ಚೀಟಿ, ಒಳಗೆ ಒಂದು ಪದಾರ್ಥ. ಹೆಸರೇ ಬೇರೆ, ಪದಾರ್ಥವೇ ಬೇರೆ. ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಎಂದು ಬರೆದಿರುವ ಬಾಟಲಿಯಲ್ಲಿ ಮೆಂತ್ಯವಿರುವುದು ಎಲ್ಲರಿಗೂ ಗೊತ್ತು. ನನಗೆ ಸಂತೋಷವಾದ ಸಂಗತಿಯೆಂದರೆ, ಈ ಭಾಷೆಯಲ್ಲಿ ಡಬ್ಬಿಗಳಿಗೆ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್‌ನಲ್ಲಿ ಹೆಸರೆಂದರೆ ಹೆಚ್ಚೆಂದರೆ ಆರು ಅಕ್ಷರ, ಅದೂ ಇಂಗ್ಲಿಷಿನ ದೊಡ್ಡಕ್ಷರ. ಅಲ್ಲದೆ ಐ ಯಿಂದ ಎನ್ ವರೆಗಿನ ಅಕ್ಷರದಿಂದ ಹೆಸರು ಪ್ರಾರಂಭವಾದರೆ ಅದು ಪೂರ್ಣಾಂಕದ ಡಬ್ಬಿಯೆಂದೇ ಲೆಕ್ಕ. ಇದನ್ನು ಕೇಳಿ ನನಗೆ ಪಾಣಿನಿಯ ನೆನಪಾಯಿತು. ಅವನೂ ಟಿ, ಘು, ಭ ಎಂದು ಒಂದೊಂದೇ ಅಕ್ಷರದ ಸಂಜ್ಞೆಗಳನ್ನಿಟ್ಟುಕೊಂಡು ದೊಡ್ಡ ದೊಡ್ಡ ಕೆಲಸ ಮಾಡಿಸಿದವನಲ್ಲವೆ? ಹೆಸರು ಚಿಕ್ಕದಾದಷ್ಟೂ ಶಾಸ್ತ್ರ ದೊಡ್ಡದೆಂದು ಕಾಣುತ್ತದೆ.

ಅಂತೂ ನಾನು ‘ಸ್ಟ್ರಿಂಗ್ ಕೂರಿಗೆ’ ಎಂದು ಬರೆದು ಅದರೊಳಕ್ಕೆ ‘ಬಿತ್ತನೆಯ ಸಾಧನ’ ಎಂಬ ಅರ್ಥವನ್ನು ಹಾಕಿದೆ. ‘ಸ್ಟ್ರಿಂಗ್ ಮೇಳಿ’ ಎಂದು ಬರೆದು ‘ನೇಗಿಲಿನ ಹಿಡಿ’ ಎಂದು ತುಂಬಿದೆ. ಪದಕ್ಕೊಂದು ಡಬ್ಬಿ, ಡಬ್ಬಿಗೆ ಪದದ್ದೇ ಹೆಸರು. ಇದಕ್ಕಿಂತ ನೇರ ಯಾವುದು? ನಲವತ್ತು ಡಬ್ಬಿಗಳಾಗುವ ಹೊತ್ತಿಗೆ ಬೆರಳು ನೋವು ಬಂತು. ಇನ್ನೂ ಸಾವಿರದೆಂಟುನೂರು ಚೀಟಿಗಳಿದ್ದುವು. ಆಗ ನನಗೊಂದು ಉಪಾಯ ಹೊಳೆಯಿತು. ಚೀಟಿಗಳನ್ನೆಲ್ಲ ಸಾಲಾಗಿ ಒಂದು ಕಡತದಲ್ಲಿ ಟೈಪು ಮಾಡಿಡುವುದು. ಪ್ರೋಗ್ರಾಮು ಓಡುವಾಗ ತಾನೇ ಒಂದೊಂದು ಸಾಲನ್ನು ಓದಲಿ. ಸಾಲಿನಲ್ಲಿರುವ ಪದವನ್ನು ‘ಪದ’ ಎಂಬ ಡಬ್ಬಿಗೆ ಹಾಕಿಕೊಳ್ಳಲಿ. ಅಲ್ಲಿ ಏನು ಬಂದಿದೆಯೋ ಆ ಹೆಸರಿನ ಹೊಸ ಡಬ್ಬಿಯೊಂದನ್ನು ತಾನೇ ಮಾಡಿಕೊಂಡು ಅರ್ಥವನ್ನು ತುಂಬಿಡಲಿ. ಬಹಳ ಜಾಣತನದ ಯೋಚನೆಯೆಂದು ಬೆನ್ನು ತಟ್ಟಿಕೊಂಡು ‘ಸ್ಟ್ರಿಂಗ್ ಪದ’ ಎಂದು ಬರೆದೆ. ಕೆಳಗೆ ಕೆಂಪು ಗೆರೆ ಬಿತ್ತು: ಈ ಹೆಸರಿನ ಚರಾಕ್ಷರ ಆಗಲೇ ಇದೆ!

ಅರೆ, ನಾನು ಮಾಡು ಎಂದದ್ದು ‘ಪದ’ ಎಂಬ ಡಬ್ಬಿಯನ್ನಲ್ಲ. ಪದದ ಒಳಗಿರುವ ಹೆಸರಿನ ಡಬ್ಬಿಯನ್ನು. ಆವರಣ ಹಾಕಿ ನೋಡಿದೆ, ಉದ್ಧರಣ ಚಿಹ್ನೆ ಹಾಕಿ ನೋಡಿದೆ, ಕೂಡಿಸಿ ನೋಡಿದೆ, ಕಳೆದು ನೋಡಿದೆ. ಕೆಂಪು ಗೆರೆಗಳು ಹೆಚ್ಚಿದುವೇ ಹೊರತು ಡಬ್ಬಿ ಹುಟ್ಟಲಿಲ್ಲ. ಒಂದನೆಯ ತರಗತಿಯಲ್ಲಿ ಮೇಷ್ಟ್ರು “ಹಲಗೆಯ ಮೇಲೆ ನಿನ್ನ ಹೆಸರು ಬರೆ” ಎಂದರೆ ಹುಡುಗ ‘ನಿನ್ನ ಹೆಸರು’ ಎಂದೇ ಬರೆದಿದ್ದನಂತೆ. ಈ ಯಂತ್ರವೂ ಅದೇ ಜಾತಿಯದು ಎಂದು ಬೈದುಕೊಂಡು ಸೋದರಳಿಯನನ್ನು ಕೂಗಿದೆ.

ಅವನು ಬಂದು ನೋಡಿ ನಕ್ಕ. “ಮಾವ, ಈ ಕೆಲಸ ಮಾಡೋಕೆ ಹೋಗದೇ ಇರೋ ಹೊಸಬರೇ ಇಲ್ಲ. ಎಲ್ಲರಿಗೂ ಒಂದು ದಿವಸ ಇದು ಬೇಕು ಅನ್ನಿಸುತ್ತೆ” ಎಂದ. ಆಮೇಲೆ ಕುಳಿತು ವಿವರಿಸಿದ. ಅವನ ವಿವರಣೆಯನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಕಂಪ್ಯೂಟರಿನ ಭಾಷೆಗಳಲ್ಲಿ ಎರಡು ಸಂಪ್ರದಾಯ. ಒಂದು ದುಭಾಷಿಯದು. ನಾವು ಮಾತನಾಡಿದ ಹಾಗೆ ಅವನು ಪಕ್ಕದಲ್ಲೇ ನಿಂತು ಒಂದೊಂದೇ ವಾಕ್ಯವನ್ನು ಯಂತ್ರಕ್ಕೆ ತಿಳಿಸುತ್ತ ಹೋಗುತ್ತಾನೆ. ಇನ್ನೊಂದು ಭಾಷಾಂತರಕಾರನದು, ಅವನೇ ಕಂಪೈಲರು. ಅವನು ನಮ್ಮ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಓದುವಾಗ ಕೈಯಲ್ಲೊಂದು ಪಟ್ಟಿ: ಇಂಥ ಹೆಸರು, ಇಂಥ ಬಗೆಯ ಪದಾರ್ಥ, ಇಂಥ ಜಾಗ. ಒಂದು ಹೆಸರು ತಪ್ಪಿದ್ದರೆ ಅಲ್ಲೇ ತಡೆಯುತ್ತಾನೆ. ಎಲ್ಲ ಸರಿಯಾಗಿದ್ದರೆ ಯಂತ್ರಭಾಷೆಯಲ್ಲಿ ಬೇರೆ ಗ್ರಂಥವನ್ನೇ ಬರೆದುಕೊಟ್ಟು ಹೊರಟುಹೋಗುತ್ತಾನೆ. ಆ ಗ್ರಂಥದಲ್ಲಿ ‘ಕೂರಿಗೆ’ಯೂ ಇಲ್ಲ, ‘ಮೇಳಿ’ಯೂ ಇಲ್ಲ. ಇಲ್ಲಿಂದ ಮೂರನೆಯ ಮನೆ, ಅಲ್ಲಿಂದ ಐದನೆಯ ಮನೆ ಎಂಬ ಲೆಕ್ಕವಷ್ಟೇ. ಸಿ-ಶಾರ್ಪಿನಲ್ಲಿ ಈ ಅನುವಾದ ಎರಡು ಹಂತಗಳಲ್ಲಿ ನಡೆಯುತ್ತದಂತೆ. ಆದರೆ ನನ್ನ ಒಳಡಬ್ಬಿಗಳ ಹೆಸರು ಮೊದಲನೆಯ ಹಂತ ದಾಟುವುದರೊಳಗೇ ಉದುರಿಹೋಗುತ್ತದೆ. ದೋಷ ಹುಡುಕುವವರ ಅನುಕೂಲಕ್ಕೆ ಅವನ್ನು ಬೇರೊಂದು ಕಡತದಲ್ಲಿ ಬರೆದಿಡುವುದುಂಟು. ಓಟಕ್ಕೆ ಅದು ಬೇಕಿಲ್ಲ.

“ಅಂದರೆ ಹೆಸರುಗಳೆಲ್ಲ ನಮಗಾಗಿ, ಯಂತ್ರಕ್ಕೆ ಬೇಕಾಗಿಲ್ಲ ಅನ್ನು.”

“ಬೇಕಾಗಿಲ್ಲ. ಪ್ರೋಗ್ರಾಮು ಓಡೋ ಹೊತ್ತಿಗೆ ಹೆಸರಿಡುವವನೇ ಊರು ಬಿಟ್ಟಿರುತ್ತಾನೆ. ನೀವು ಆಗ ಹೊಸದಾಗಿ ನಾಮಕರಣ ಮಾಡಿ ಅಂದರೆ ಯಾರು ಮಾಡಬೇಕು?”

ಮದುವೆಮನೆಯಿಂದ ಪುರೋಹಿತರು ದಕ್ಷಿಣೆ ತೆಗೆದುಕೊಂಡು ಹೋದಮೇಲೆ ಇನ್ನೊಂದು ಹೆಣ್ಣು-ಗಂಡನ್ನು ಹಸೆಯ ಮೇಲೆ ಕೂರಿಸಿದ ಹಾಗಾಯಿತು ನನ್ನ ಕೆಲಸ.

“ಹಾಗಾದರೆ ದುಭಾಷಿಯ ಭಾಷೆಯಲ್ಲಾದರೆ ಆಗುತ್ತದೋ?” ಎಂದೆ. ಆಗುತ್ತದೆ ಎಂದ. ಅಲ್ಲಿ ಹೆಸರಿನ ಪಟ್ಟಿ ಓಡುವಾಗಲೂ ಕೈಯಲ್ಲೇ ಇರುತ್ತದೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ನೋಬಾಲ್ ಎಂಬ ಭಾಷೆಯ ಸಂತತಿಯಲ್ಲಿ ಡಾಲರ್ ಚಿಹ್ನೆ ಹಾಕಿ ‘ಈ ಡಬ್ಬಿಯಲ್ಲಿರುವ ಮಾತನ್ನೇ ಹೆಸರಾಗಿ ತಿಳಿ’ ಎಂದು ಹೇಳಬಹುದಾಗಿತ್ತು. ಪಿಎಚ್‌ಪಿ ಎಂಬ ಭಾಷೆಯಲ್ಲಿ ಎರಡು ಡಾಲರ್ ಹಾಕಿದರೆ ಇಂದಿಗೂ ಅದೇ ಕೆಲಸವಾಗುತ್ತದೆ. “ಆದರೆ ಅಲ್ಲೂ ತಿಳಿದವರು ಬೇಡ ಅಂತಾರೆ. ನಿಮ್ಮ ಪ್ರೋಗ್ರಾಮಿನಲ್ಲಿ ‘ಸಾಲು’ ಅಂತ ಒಂದು ಡಬ್ಬಿ ಇದೆಯಲ್ಲ, ಎಷ್ಟನೇ ಸಾಲು ಓದ್ತಾ ಇದ್ದೀವಿ ಅಂತ ಲೆಕ್ಕ ಇಡೋದು? ತಾತನ ಚೀಟಿಗಳಲ್ಲಿ ‘ಸಾಲು’ ಅನ್ನೋ ಪದ ಇಲ್ಲವೇ?” ಎಂದ. ಇದೆ, ನೇಗಿಲಿನ ಸಾಲು. ಆ ಚೀಟಿ ಬಂದ ಕೂಡಲೆ ನನ್ನ ಲೆಕ್ಕದ ಡಬ್ಬಿಯೊಳಗೆ ನೇಗಿಲಿನ ಸಾಲು ಬಿದ್ದು ಎಲ್ಲವೂ ಉತ್ತುಹೋಗುತ್ತಿತ್ತು. ಇದು ಬರಿಯ ತಮಾಷೆಯಲ್ಲ. ಪಿಎಚ್‌ಪಿಯಲ್ಲಿ ಒಂದು ಕಾಲಕ್ಕೆ ಹೊರಗಿನಿಂದ ಯಾರು ಯಾವ ಹೆಸರು ಕಳುಹಿಸಿದರೂ ಅದು ತಾನೇ ಒಂದು ಚರಾಕ್ಷರವಾಗಿ ಒಳಗೆ ಬಂದು ಕೂರುವ ವ್ಯವಸ್ಥೆಯಿತ್ತಂತೆ. ಮನೆಗೆ ಬಂದ ನೆಂಟನು ಯಜಮಾನನ ಹೆಸರು ಹೇಳಿಕೊಂಡು ಬೀಗದ ಕೈ ಕೇಳಿದಂತೆ, ದುಷ್ಟರು ಅದನ್ನು ಬಳಸಿಕೊಂಡರು. 2002ರಲ್ಲಿ ಅದನ್ನು ಸಹಜಸ್ಥಿತಿಯಲ್ಲಿ ಮುಚ್ಚಿಟ್ಟರು. 2012ರಲ್ಲಿ ಪೂರ್ತಿ ಕಿತ್ತುಹಾಕಿದರು.

“ಸಿ-ಶಾರ್ಪಿನಲ್ಲೂ ಹಟ ಹಿಡಿದರೆ ದಾರಿ ಇದೆ, ಮಾವ. ಪ್ರೋಗ್ರಾಮೇ ಇನ್ನೊಂದು ಪ್ರೋಗ್ರಾಮು ಬರೆದು, ಅದನ್ನ ಓಡುತ್ತಿರುವಾಗಲೇ ಕಂಪೈಲ್ ಮಾಡಿಸಬಹುದು. ಆದರೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನಿಮಗೆ ಒಂದೇ ಪ್ರಶ್ನೆ ಕೇಳ್ತೀನಿ. ಬರೆಯುವಾಗ ನಿಮಗೇ ಗೊತ್ತಿಲ್ಲದ ಹೆಸರನ್ನ ಆಮೇಲೆ ಯಾರು ಕರೀತಾರೆ?”

ನಾನು ಸುಮ್ಮನಾದೆ. ಪ್ರಶ್ನೆ ಸಣ್ಣದು, ಆದರೆ ನನ್ನ ಇಡೀ ಉಪಾಯ ಅದರಲ್ಲಿ ಮುಳುಗಿತು. ‘ಕೂರಿಗೆ’ ಎಂದು ನಾನು ಪ್ರೋಗ್ರಾಮಿನಲ್ಲಿ ಬರೆಯುವುದು ಅದನ್ನು ಮುಂದೆ ಅದೇ ಹೆಸರಿನಿಂದ ಕರೆಯುವುದಕ್ಕೆ. ಓಡುವಾಗ ಕಡತದಿಂದ ಬರುವ ಹೆಸರು ಯಾವುದೆಂದು ನನಗೇ ತಿಳಿಯದಿದ್ದ ಮೇಲೆ, ಆ ಹೆಸರನ್ನು ನಾನು ಎಲ್ಲಿ ಬರೆದೇನು? ಮತ್ತೆ ‘ಪದದಲ್ಲಿ ಏನಿದೆಯೋ ಅದು’ ಎಂದೇ ಹೇಳಬೇಕು. ಹಾಗೆ ಹೇಳುವುದಾದರೆ ಅದಕ್ಕೆ ಚರಾಕ್ಷರದ ಪದವಿ ಏಕೆ? ಎಡಗಡೆ ಒಂದು ಮಾತು, ಬಲಗಡೆ ಅದರ ಅರ್ಥ, ಹೀಗೊಂದು ಪಟ್ಟಿ ಸಾಲದೆ? ಹೆಸರುಗಳು ನನ್ನ ಪ್ರೋಗ್ರಾಮಿನ ಅಂಗಗಳಲ್ಲ. ಅವೂ ಡಬ್ಬಿಯೊಳಗಿನ ಪದಾರ್ಥಗಳೇ. ಅವನ್ನು ನಾನು ಹೊರಗಿನ ಚೀಟಿಯ ಮೇಲೆ ಅಂಟಿಸಲು ಹೋಗಿದ್ದೆ.

“ಸರಿಯಪ್ಪ. ಆ ಪಟ್ಟಿ ಮಾಡುವುದಕ್ಕೆ ನಿನ್ನ ಭಾಷೆಯಲ್ಲಿ ಏನಾದರೂ ಇದೆಯೋ?”

“ಇದೆ. 2005ರಿಂದ ಇದೆ.”

“ಅದರ ಹೆಸರೇನು?”

“ಡಿಕ್ಷನರಿ.”

ಎರಡು ನಿಮಿಷ ನನಗೆ ಮಾತು ಹೊರಡಲಿಲ್ಲ. ನಿಘಂಟು ಮಾಡಬೇಕೆಂದು ಹೊರಟ ಕನ್ನಡ ಮೇಷ್ಟ್ರು ಐದು ವಾರ ಡಬ್ಬಿಗಳ ಜೊತೆ ಗುದ್ದಾಡಿದ ಮೇಲೆ, ನಿನಗೆ ಬೇಕಾದದ್ದು ನಿಘಂಟಯ್ಯ ಎಂದು ಇಪ್ಪತ್ತಾರು ವರ್ಷದ ಹುಡುಗನಿಂದ ಹೇಳಿಸಿಕೊಂಡ! ಒಳಗಿನಿಂದ ಅಮ್ಮ, “ಯಾಕೋ ಇಬ್ಬರೂ ಹೀಗೆ ನಗ್ತಿದೀರಿ?” ಎಂದು ಕೇಳಿದಳು.

ಇನ್ನು ಇದು ಪದವನ್ನು ಹುಡುಕುವ ಬಗೆ. ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಪದವನ್ನು ನೋಡುತ್ತ ಹೋಗುತ್ತದೆಂದು ನಾನು ಭಾವಿಸಿದ್ದೆ. ಹಾಗಲ್ಲ. ಸೋದರಳಿಯ ಎದ್ದುಹೋಗಿ ಅಪ್ಪನ ಬೀರುವಿನ ಮುಂದೆ ನಿಂತ. “ಇದೇ ಮಾವ, ತಾತ ಮಾಡಿಟ್ಟಿದ್ದಾರಲ್ಲ!” ಎಂದ. ಒಂದು ಪದ ಕೊಟ್ಟರೆ ಯಾವ ಡ್ರಾಯರು ಎಂದು ನಿರ್ಧರಿಸುವ ಒಂದು ನಿಯಮ ಬೇಕು. ಅಪ್ಪನ ನಿಯಮ ಮೊದಲನೆಯ ಅಕ್ಷರ. ನಿಯಮ ತಿಳಿದಿದ್ದರೆ ಇಪ್ಪತ್ತಮೂರು ಡ್ರಾಯರುಗಳನ್ನು ಮುಟ್ಟಬೇಕಾಗಿಲ್ಲ. ನೇರವಾಗಿ ಒಂದನ್ನು ಎಳೆದು ಅದರಲ್ಲಿ ಹುಡುಕಿದರಾಯಿತು. 1953ರಲ್ಲಿ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಎಂಬುವರು ಕಂಪ್ಯೂಟರಿಗಾಗಿ ಬರೆದಿಟ್ಟ ಟಿಪ್ಪಣಿಯ ತಿರುಳು ಇದೇ.

ಆದರೆ ಅಪ್ಪನ ನಿಯಮದಲ್ಲಿ ಒಂದು ಕಷ್ಟವಿತ್ತು. ‘ಹ’ ಡ್ರಾಯರು ಉಸಿರು ಕಟ್ಟುವಷ್ಟು ತುಂಬಿ ಚೀಟಿಗಳು ಮುದುರಿದ್ದುವು. ಕನ್ನಡ ಓದಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ: ಹಳಗನ್ನಡದಲ್ಲಿ ಪಕಾರದಿಂದ ಪ್ರಾರಂಭವಾಗುತ್ತಿದ್ದ ಪದಗಳ ದೊಡ್ಡ ಹಿಂಡೇ ಹೊಸಗನ್ನಡಕ್ಕೆ ಬರುವಾಗ ಹಕಾರಕ್ಕೆ ತಿರುಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಇತ್ತ ಘ, ಛ, ಝ, ಢ ಎಂಬ ನಾಲ್ಕೂ ಅಕ್ಷರಗಳು ಒಂದೇ ಡ್ರಾಯರಿನಲ್ಲಿ ಬೇಕಾದಷ್ಟು ಗಾಳಿ ಕುಡಿಯುತ್ತ ಮಲಗಿದ್ದುವು. ಇಂಥ ಅಸಮಾನತೆ ಬಾರದಿರಲೆಂದು ಯಂತ್ರವು ಮೊದಲನೆಯ ಅಕ್ಷರವೊಂದನ್ನೇ ನೋಡದೆ, ಪದದ ಎಲ್ಲ ಅಕ್ಷರಗಳನ್ನೂ ಅಂಕಿಗಳಾಗಿ ತಿಳಿದು, ಕೋಸಂಬರಿಗೆ ಹೆಚ್ಚಿದಂತೆ ಕೊಚ್ಚಿ ಕಲಸಿ ಒಂದು ದೊಡ್ಡ ಅಂಕಿಯನ್ನು ತೆಗೆಯುತ್ತದೆ. ಆ ಅಂಕಿಯಿಂದ ಡ್ರಾಯರನ್ನು ಗೊತ್ತುಮಾಡುತ್ತದೆ. ಹ್ಯಾಶ್ ಎಂದರೆ ಕೊಚ್ಚುವುದೆಂದೇ ಅರ್ಥ. ಹೀಗೆ ಕಲಸಿದ ಮೇಲೆ ಹಾಲು ಎಲ್ಲೋ, ಹೂವು ಎಲ್ಲೋ. ಅಕಾರಾದಿ ಕ್ರಮ ಮಾತ್ರ ಮಣ್ಣುಗೂಡುತ್ತದೆ. ಎಲ್ಲಿಯ ಪದ ಎಲ್ಲಿದೆಯೆಂದು ಕಣ್ಣಿಟ್ಟು ಹುಡುಕುವ ಮನುಷ್ಯನಿಗೆ ಆ ಬೀರು ಪ್ರಯೋಜನವಿಲ್ಲ. ಆದರೆ ಪ್ರೋಗ್ರಾಮು ಓಡುತ್ತಿರುವಷ್ಟು ಹೊತ್ತೂ ಅದೇ ಪದಕ್ಕೆ ಅದೇ ಅಂಕಿ ಬರುವುದರಿಂದ ಯಂತ್ರ ದಾರಿ ತಪ್ಪುವುದಿಲ್ಲ. ಬೀರು ತುಂಬಿತೋ, ಸುಮಾರು ಎರಡರಷ್ಟು ದೊಡ್ಡದೊಂದನ್ನು ತಂದು ಎಲ್ಲವನ್ನೂ ಮತ್ತೆ ಹಂಚಿಡುತ್ತದೆ. ಅಪ್ಪನಿಗೆ ಆ ಅನುಕೂಲವಿರಲಿಲ್ಲ. ಆ ಊರಿನಲ್ಲಿ ಮುಚ್ಚಿದ ಗ್ರಂಥಿಗೆ ಅಂಗಡಿ ಒಂದೇ.

ಇಷ್ಟಾದ ಮೇಲೆ ನನ್ನ ಪ್ರೋಗ್ರಾಮು ಹದಿನೈದು ಸಾಲಿಗೆ ಇಳಿಯಿತು. ನಲವತ್ತು ಡಬ್ಬಿಗಳನ್ನೂ ಒಡೆದುಹಾಕಿದೆ. ಆದರೂ ಎರಡು ಕಡೆ ಎಡವಿದೆ. ‘ಕಣ’ ಎಂಬ ಪದಕ್ಕೆ ಎರಡು ಊರುಗಳ ಎರಡು ಚೀಟಿಗಳಿದ್ದುವು. ಎರಡನೆಯದು ಬಂದಾಗ ಪ್ರೋಗ್ರಾಮು, ಇದು ಆಗಲೇ ಇದೆಯೆಂದು ರೇಗಿ ನಿಂತೇಹೋಯಿತು. ಒಂದು ಪದಕ್ಕೆ ಒಂದು ಚೀಟಿಯಲ್ಲ, ಚೀಟಿಗಳ ಕಟ್ಟು ಎಂದು ತಿದ್ದಿದ ಮೇಲೆ ಸಮಾಧಾನವಾಯಿತು. ಇನ್ನೊಂದು ‘ಹಗೇವು’—ರಾಗಿಯನ್ನು ನೆಲದಡಿಯಲ್ಲಿ ತುಂಬಿಡುವ ಕಣಜ. ಆ ಚೀಟಿ ಇದೆಯೆಂದು ನನಗೆ ಗೊತ್ತು, ನಾನೇ ಟೈಪು ಮಾಡಿದ್ದೇನೆ, ಕೇಳಿದರೆ ಇಲ್ಲವೆನ್ನುತ್ತದೆ. ಕೊನೆಗೆ ನೋಡಿದರೆ ಅಪ್ಪ ಜನ ಅಂದ ಹಾಗೆಯೇ ‘ಅಗೇವು’ ಎಂದು ಬರೆದುಕೊಂಡಿದ್ದರು! ಚರಾಕ್ಷರವಾಗಿದ್ದರೆ ಕಂಪೈಲರು ಮೊದಲೇ ಕೆಂಪು ಗೆರೆ ಎಳೆದು ಎಚ್ಚರಿಸುತ್ತಿತ್ತು. ನಿಘಂಟಿನಲ್ಲಿ ಆ ರಕ್ಷಣೆಯಿಲ್ಲ; ತಪ್ಪು ತಿಳಿಯುವುದು ಕೇಳಿದಾಗಲೇ. ಮೊದಲೇ ಎಲ್ಲ ಗೊತ್ತಿರಬೇಕೆನ್ನುವವನಿಗೆ ಭದ್ರತೆಯುಂಟು; ಬಂದದ್ದನ್ನು ಬರಲಿ ಎನ್ನುವವನಿಗೆ ಜಾಗವುಂಟು. ಎರಡೂ ಒಟ್ಟಿಗೆ ಸಿಕ್ಕುವುದಿಲ್ಲವೆಂದು ಕಾಣುತ್ತದೆ.

ಈ ಮಾತು ಮನಸ್ಸಿಗೆ ಬಂದಾಗ ನಾನು ಚೀಟಿಗಳ ತಾರೀಖುಗಳನ್ನು ಟೈಪು ಮಾಡುತ್ತಿದ್ದೆ. 1998, 2001, ಆಮೇಲೆ 2003, 2004, 2009. ಬೆರಳು ನಿಂತಿತು. 2002ರಲ್ಲಿ ನಾನು ಪಟ್ಟಿಯೆಲ್ಲಿ ಎಂದು ಕೇಳಿದ ಮೇಲೆ ಅವರು ಬರೆಯುವುದನ್ನು ಬಿಟ್ಟಿರಲಿಲ್ಲ. ನನಗೆ ತೋರಿಸುವುದನ್ನು ಬಿಟ್ಟಿದ್ದರು. ಕೊನೆಯ ಚೀಟಿಯ ತಾರೀಖು 2016ರದು. ಅಕ್ಷರ ನಡುಗಿದೆ. 2002ರಿಂದ ಈಚಿನವೇ ಆರುನೂರಕ್ಕೆ ಮೇಲೆ. ರಜಕ್ಕೆ ಊರಿಗೆ ಹೋದಾಗಲೆಲ್ಲ ನಾನು ಅವರ ಎದುರಿಗೇ ಕುಳಿತು ಊಟ ಮಾಡಿದ್ದೇನೆ, ಪತ್ರಿಕೆ ಓದಿದ್ದೇನೆ, ಒಂದು ದಿನವಾದರೂ “ಹೊಸ ಪದ ಏನಾದರೂ ಸಿಕ್ಕಿತೆ, ಅಪ್ಪ?” ಎಂದು ಕೇಳಿದ ನೆನಪಿಲ್ಲ. ಹೆಸರುಗಳೆಲ್ಲ ಮೊದಲೇ ಗೊತ್ತಿರಬೇಕೆಂದು ಹಟ ಮಾಡುವ ಕಂಪೈಲರಿನ ಮೇಲೆ ಐದು ವಾರ ಸಿಟ್ಟುಮಾಡಿದ್ದೆನಲ್ಲ. ಅಪ್ಪನ ಮುಂದೆ ಕುಳಿತು ನಾನು ಆಡಿದ್ದೂ ಅದೇ ಮಾತು. ಕಂಪೈಲರಿಗಾದರೋ ಹಾಗೆ ಕೇಳುವುದಕ್ಕೆ ಕಾರಣವಿತ್ತು.

‘ಟ’ ಡ್ರಾಯರಿಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಟಕಾರದ ಪದಗಳು ಕಡಮೆ. ಮೂವತ್ತು ಚೀಟ�ಿಗಳಿದ್ದುವೋ ಏನೋ. ತಳದಲ್ಲಿ ಬಣ್ಣ ಮಾಸಿದ ಒಂದು ಹಳೆಯ ಚೀಟಿ. ‘ಟಿಣ್ಣಿ: ಬೈಸಿಕಲ್ಲು. ಗಂಟೆಯ ಶಬ್ದದಿಂದ ಬಂದದ್ದು. ಊರು: ನಮ್ಮ ಮನೆ. ಹೇಳಿದವರು: ಚಿಕ್ಕವನು, ಎರಡು ವರ್ಷ.’ ತಾರೀಖು 1981.

ಮನೆಗೆ ಚಿಕ್ಕವನು ನಾನೇ. ಚೀಟಿಯನ್ನು ಅಮ್ಮನಿಗೆ ಓದಿ ಹೇಳಿದೆ. “ಹೂಂ ಕಣೋ. ನಿನಗೆ ಸೈಕಲ್ ಅನ್ನೋಕೆ ಬರ್ತಿರಲಿಲ್ಲ. ಅವರು ಸ್ಕೂಲಿಂದ ಬರೋ ಹೊತ್ತಿಗೆ ಬಾಗಿಲಲ್ಲಿ ನಿಂತು ಟಿಣ್ಣಿ ಟಿಣ್ಣಿ ಅಂತ ಕುಣೀತಿದ್ದೆ” ಎಂದಳು. ನನಗೆ ಅದೊಂದೂ ನೆನಪಿಲ್ಲ. ವ್ಯಾಕರಣದ ಪ್ರಕಾರ ಅನ್ವರ್ಥನಾಮವೆನ್ನಬಹುದೇನೋ. ಯಾವ ನಿಘಂಟಿನಲ್ಲಿಯೂ ಇಲ್ಲ, ಯಾವ ವಿದ್ವಾಂಸರ ಪಟ್ಟಿಯಲ್ಲಿಯೂ ಇರುವುದು ಸಾಧ್ಯವಿಲ್ಲ. ನಾನು ಹೇಳಿದಂತೆ ಅಪ್ಪ ಮೊದಲೇ ಪಟ್ಟಿ ಮಾಡಿಕೊಂಡು ಹೊರಟಿದ್ದರೆ ಈ ಚೀಟಿ ಹುಟ್ಟುತ್ತಲೇ ಇರಲಿಲ್ಲ. ಅದನ್ನು ಟೈಪು ಮಾಡಿ ಪ್ರೋಗ್ರಾಮನ್ನು ಓಡಿಸಿದೆ. ಕೆಂಪು ಗೆರೆ ಬೀಳಲಿಲ್ಲ.

ಸೋದರಳಿಯ ಬೆಂಗಳೂರಿಗೆ ಹಿಂದಿರುಗಿ ಎಷ್ಟೋ ಕಾಲವಾಯಿತು. ಗೆದ್ದಲಿಗೆ ಔಷಧಿ ಹೊಡೆಸಿದ್ದೇನೆ. ಬೀರು ಅದೇ ಮೂಲೆಯಲ್ಲಿದೆ. ಅಮ್ಮ ಈಗ ಒಂದೊಂದು ಸಲ ಅಡುಗೆಮನೆಯಿಂದಲೇ ಕೂಗುತ್ತಾಳೆ: “ತೆಂಗಿನ ಎಳೇ ಕಾಯಿಗೆ ಕುರುಂಬೆ ಅಂತೀವಿ ನೋಡು, ಅದು ಬರ್ಕೊಂಡಿದೀಯಾ?” ಕೆಲವು ಅಪ್ಪನ ಚೀಟಿಗಳಲ್ಲಿ ಆಗಲೇ ಇರುತ್ತವೆ, ಕೆಲವು ಇರುವುದಿಲ್ಲ. ಇಲ್ಲದ್ದನ್ನು ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದುಕೊಳ್ಳುತ್ತೇನೆ. ಪಟ್ಟಿ ಎಲ್ಲಿದೆ ಎಂದು ಕೇಳುವುದಿಲ್ಲ.